ಪುಟ್ಟಿಗೆ, ನೀರಿನ ಮೇಲಿಂದ

ಹೊನ್ನಾವರ

ಪ್ರೀತಿಯ ಪುಟ್ಟಿ,

ಮಾವನ ಆಶೀರ್ವಾದ. ನಿನ್ನ ಅಮ್ಮ ಫೋನಿನಲ್ಲಿ ಎಲ್ಲ ಹೇಳಿದಳು. ಶ್ವಾಸಕೋಶ ಸರಿಹೋಗಿದೆ, ಆದರೆ ಸ್ಕೂಬಾ, ಅಂದರೆ ಸಿಲಿಂಡರ್ ಹೊತ್ತು ಆಳಕ್ಕೆ ಇಳಿಯುವುದು, ಇನ್ನು ಬೇಡವೇ ಬೇಡ ಎಂದರಂತೆ ಡಾಕ್ಟರು. ನೀನು ಸಿಟ್ಟಿನಲ್ಲಿ ಸಾಮಾನೆಲ್ಲ ಮಾರಲು ಹೊರಟಿದ್ದೀಯಂತೆ. ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಆ ರೆಗ್ಯುಲೇಟರ್ ಮಾರು ಮಾರಾಯ್ತಿ. ಮಾಸ್ಕ್, ಕಾಲಿಗೆ ಹಾಕುವ ಫಿನ್ಸ್ ಇಟ್ಟುಕೋ, ಸ್ನಾರ್ಕೆಲಿಂಗಿಗೆ ಬೇಕು. ಬಾಯಲ್ಲಿ ಕೊಳವೆ ಕಚ್ಚಿ, ಮುಖ ನೀರಿಗಿಟ್ಟು, ಮೇಲೆಯೇ ತೇಲುತ್ತಾ ನೋಡುವುದು.

ಇನ್ನೊಬ್ಬ ಡಾಕ್ಟರನ್ನು ಕೇಳುತ್ತೇನೆ ಎಂದೆಯಂತಲ್ಲ. ಕೇಳು, ಬೇಡ ಅನ್ನುವುದಿಲ್ಲ. ಆದರೆ ನಿನಗೆ ಲೆಕ್ಕ ಗೊತ್ತೇ ಇದೆ. 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೆ ಬರುವಾಗ ಎರಡರಷ್ಟು ಹಿಗ್ಗುತ್ತದೆ. ಒಮ್ಮೆ ತಾನಾಗಿಯೇ ಕುಸಿದ ಶ್ವಾಸಕೋಶದ ಜೊತೆ ಆ ಆಟ ಆಡಬಾರದು.

ನನಗೆ ಕೈಕೊಟ್ಟದ್ದು ಕಿವಿ. ಮಸ್ಕತ್‌ನಲ್ಲಿದ್ದಾಗ ಮೂರು ಮೀಟರ್ ಇಳಿಯುವಷ್ಟರಲ್ಲಿ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಬಿಟ್ಟೆ. ಬಿಟ್ಟ ಮೇಲೆ ಒಂದು ದಡ್ಡತನ ಮಾಡಿದೆ, ಅದಕ್ಕೇ ಈ ಪತ್ರ. ಡೈವಿಂಗ್ ಗೆಳೆಯರ ಜೊತೆ ಅದೇ ಬೋಟಿನಲ್ಲಿ ಅದೇ ಜಾಗಗಳಿಗೆ ಹೋದೆ. ಅವರು ಕೆಳಗಿಳಿದರು. ನಾನು ಮೇಲೆ ತೇಲುತ್ತಾ ಸುಮ್ನೆ ನೀಲಿ ನೀರು ಮತ್ತು ಅವರು ಬಿಟ್ಟ ಗುಳ್ಳೆಗಳನ್ನು ನೋಡಿದೆ. ಒಂದು ವರ್ಷ ಹಾಗೇ ಹೋಯಿತು. ಸ್ನಾರ್ಕೆಲಿಂಗ್ ಅಂದರೆ ಇಷ್ಟೇ ಎಂದುಕೊಂಡೆ. ತಪ್ಪಿದ್ದದ್ದು ಜಾಗದ ಆಯ್ಕೆಯಲ್ಲಿ.

ನಮ್ಮ ನೇತ್ರಾಣಿ ದ್ವೀಪವನ್ನೇ ನೋಡು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್. ಡೈವರುಗಳಿಗೆ ಚೆನ್ನ. ಆದರೆ ಅಲ್ಲಿ ಬಂಡೆಗಳು ನೇರ ಆಳಕ್ಕೆ ಇಳಿಯುತ್ತವೆ, ನಡೆದು ಇಳಿಯಲು ಮರಳಿನ ದಡ ಇಲ್ಲ. ನೀನು ಬೋಟಿನಿಂದ ಹಾರಿ ಮೇಲೆ ತೇಲುತ್ತಿದ್ದರೆ ಚೆನ್ನಾದದ್ದೆಲ್ಲ ಕಾಲಡಿಯಲ್ಲೇ ಉಳಿಯುತ್ತದೆ. ಅಷ್ಟು ಹತ್ತಿರ ಅಂತ ಮೊದಲು ಅಲ್ಲಿಗೆ ಓಡಬೇಡ. ಬೇಜಾರಾಗಿ ವಾಪಸ್ ಬರುತ್ತೀ.

ಜಾಗ ಹುಡುಕುವಾಗ ಅಲ್ಲಿ ಕರೆದುಕೊಂಡು ಹೋಗುವವರಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳು. ಹವಳ ಎಷ್ಟು ಆಳದಲ್ಲಿ ಶುರುವಾಗುತ್ತದೆ? ದಡದಿಂದ ಎಷ್ಟು ಈಜಬೇಕು? ಆಳ ಒಂದರಿಂದ ನಾಲ್ಕು ಮೀಟರ್ ಎಂದು ಉತ್ತರ ಬಂದರೆ ಅದು ನಿನ್ನ ಜಾಗ. "ಎಲ್ಲಾ ಸೂಪರ್ ಮೇಡಂ" ಎಂದರೆ ಫೋನ್ ಇಡು. ಇನ್ನೊಂದು ಮಾತು. ನೀರಿನಲ್ಲಿ ಮೊದಲು ಮಾಯವಾಗುವುದು ಕೆಂಪು ಬಣ್ಣ. ಡೈವರ್ ಕೆಳಗೆ ಟಾರ್ಚ್ ಬಿಟ್ಟು ನೋಡುವ ಕೆಂಪು, ಕೇಸರಿ ನಿನಗೆ ಎರಡು ಮೀಟರಿನಲ್ಲಿ ಬಿಸಿಲಲ್ಲೇ ಕಾಣುತ್ತದೆ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ.

ಇದು ನನಗೆ ತಿಳಿದದ್ದು ದೈಮಾನಿಯತ್ ದ್ವೀಪಗಳಲ್ಲಿ. ಮಸ್ಕತ್‌ನಿಂದ ಬೋಟಿನಲ್ಲಿ ಹೋಗಬೇಕು. ಒಂಬತ್ತು ಪುಟ್ಟ ದ್ವೀಪ, 1996ರಿಂದ ರಕ್ಷಿತ ಪ್ರದೇಶ. ಎದೆಮಟ್ಟದ ನೀರಿನಿಂದಲೇ ಹವಳ ಶುರು. ಕಡಲಾಮೆಯೊಂದು ನನ್ನ ಪಕ್ಕದಲ್ಲೇ ಉಸಿರಿಗೆ ತಲೆ ಎತ್ತಿತು, ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ನಿನ್ನ ಅಣ್ಣ ಅಲ್ಲೇ ಇದ್ದಾನಲ್ಲ, ಹೇಳು, ಕರೆದುಕೊಂಡು ಹೋಗಲಿ.

ಆದರೆ ನಿನ್ನ ಮೊದಲ ಪ್ರವಾಸಕ್ಕೆ ನನ್ನ ವೋಟು ಲಕ್ಷದ್ವೀಪಕ್ಕೆ. ಕಡ್ಮತ್ ಅಥವಾ ಬಂಗಾರಂ. ಸುತ್ತ ಹವಳದ ಗೋಡೆ, ಒಳಗೆ ಅಲೆಯಿಲ್ಲದ ಲಗೂನ್. ಕಾಯಿಲೆಯಿಂದ ಎದ್ದವಳಿಗೆ ಅದಕ್ಕಿಂತ ಸಮಾಧಾನದ ನೀರು ಬೇರೆ ಇಲ್ಲ. ನಮಗೂ ಪರ್ಮಿಟ್ ಬೇಕು, ಮೊದಲೇ ಅರ್ಜಿ ಹಾಕು. ತಮಾಷೆ ಏನು ಗೊತ್ತಾ? ಕಡ್ಮತ್, ಅಮಿನಿ, ಕಿಲ್ತಾನ್ ಎಲ್ಲ 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. ಅಲ್ಲಿನವರು ಹುರಿ, ಕೊಬ್ಬರಿ ಮಾರಲು ಮಂಗಳೂರಿಗೇ ಬರುತ್ತಿದ್ದರು. ಹಳೇ ನೆಂಟರ ಮನೆಗೆ ಹೋದ ಹಾಗೆ ಅಲ್ವಾ? ಒಂದು ಎಚ್ಚರಿಕೆ: ಸಮುದ್ರ ಬಿಸಿಯಾಗಿ 1998, 2010, 2016ರಲ್ಲಿ ಅಲ್ಲಿ ಹವಳ ಬಿಳಿಚಿಕೊಂಡು ಬಹಳಷ್ಟು ಸತ್ತಿತು. ಹಳೇ ಫೋಟೋ ನಂಬಬೇಡ. ಹೋದ ಸೀಸನ್ನಿನಲ್ಲಿ ಹೋಗಿ ಬಂದವರನ್ನು ಕೇಳು.

ಅಂಡಮಾನ್‌ನಲ್ಲಿ ಎಲಿಫೆಂಟ್ ಬೀಚ್ ಇದೆ, ಹವಳ ದಡದ ಹತ್ತಿರವೇ. ಜನ ಜಾಸ್ತಿ, ಬೆಳಿಗ್ಗೆ ಮೊದಲ ಬೋಟಿಗೇ ಹೋಗು. ಅಲ್ಲಿ ಟ್ಯೂಬ್ ಹಿಡಿಸಿ ಹತ್ತು ನಿಮಿಷ ಎಳೆದಾಡಿ ಮುಗಿಸಿಬಿಡುತ್ತಾರೆ. ನನಗೆ ಈಜು ಬರುತ್ತದೆ, ನಿಧಾನಕ್ಕೆ ಹೋಗೋಣ ಎಂದು ಮೊದಲೇ ಮಾತಾಡಿಕೋ.

ದುಡ್ಡು ಕೂಡಿಟ್ಟ ಮೇಲೆ ಮಾಲ್ಡೀವ್ಸ್‌ನ ಹನಿಫಾರು ಕೊಲ್ಲಿ. ನಮ್ಮ ತೊರಕೆ ಮೀನಿನ ದೊಡ್ಡಣ್ಣ, ಮಾಂಟಾ, ಮಳೆಗಾಲದಲ್ಲಿ ಅಲ್ಲಿ ಹಿಂಡುಗಟ್ಟಿ ಮೇಯಲು ಬರುತ್ತದೆ. 2012ರಿಂದ ಅಲ್ಲಿ ಸ್ಕೂಬಾ ನಿಷೇಧ. ಸ್ನಾರ್ಕೆಲ್ ಮಾತ್ರ! ದೊಡ್ಡ ದೊಡ್ಡ ಡೈವರುಗಳೂ ಸಿಲಿಂಡರ್ ಬೋಟಿನಲ್ಲಿಟ್ಟು ನಿನ್ನ ಹಾಗೆಯೇ ತೇಲಬೇಕು. ಇದನ್ನು ಓದಿದ ದಿನ ನಾನು ಒಬ್ಬನೇ ಜೋರಾಗಿ ನಕ್ಕೆ.

ಇನ್ನು ಮಾವನ ಕಿರಿಕಿರಿ. ವಿಮಾನ ಹತ್ತುವ ಮುಂಚೆ ಡಾಕ್ಟರನ್ನು ಕೇಳು. ಉಸಿರು ಕಟ್ಟಿ ಕೆಳಗೆ ಮುಳುಗಬಹುದೇ ಎಂದೂ ಕೇಳು. ಅವರು ಹೂಂ ಅನ್ನುವವರೆಗೆ ಮೇಲೆಯೇ ಇರು, ಆಮೆ ಕರೆದರೂ ಇಳಿಯಬೇಡ. ತುಂಬುತೋಳಿನ ಈಜುಡುಪು ಹಾಕು. ನನ್ನ ಬೆನ್ನು ಒಮ್ಮೆ ಹೇಗೆ ಸುಟ್ಟಿತ್ತೆಂದರೆ ನಾಲ್ಕು ದಿನ ಬೋರಲು ಮಲಗಿದ್ದೆ. ತೀರಾ ಇಳಿತದ ಹೊತ್ತಿನಲ್ಲಿ ಹವಳದ ಮೇಲೆ ಹೋಗಬೇಡ, ಹೊಟ್ಟೆ ತರಚುತ್ತದೆ, ಹವಳವೂ ಮುರಿಯುತ್ತದೆ. ಡೈವಿಂಗ್‌ನಲ್ಲಿ ಜೊತೆಗಾರ ಬೇಕು ಎಂಬ ನಿಯಮ ಇಲ್ಲೂ ಇದೆ. ನೀರು ಆಳ ಇಲ್ಲ ಅಂತ ಒಬ್ಬಳೇ ಹೋದರೆ ನಿನ್ನ ಅಮ್ಮನಿಗೆ ನಾನು ಉತ್ತರ ಕೊಡಬೇಕು.

ನಿನ್ನ ಕನ್ನಡಕದ ನಂಬರು ಬದಲಾಗಿದೆಯಂತಲ್ಲ. ಹೊಸ ಚೀಟಿಯ ಫೋಟೋ ವಾಟ್ಸಾಪ್ ಮಾಡು, ಮಾಸ್ಕಿಗೆ ಪವರ್ ಗ್ಲಾಸ್ ಹಾಕಿಸುತ್ತೇನೆ. ದುಡ್ಡಿನ ಮಾತು ಎತ್ತಬೇಡ. ಚೌತಿಗೆ ಬಂದಾಗ ತೆಗೆದುಕೊಂಡು ಹೋಗು.

ನಿನ್ನ
ಮಾವ