ಕಾರು ಎಲ್ಲಿ ನಿಲ್ಲಿಸುತ್ತೀಯ?

ಕುಮಟಾ
ಭಾನುವಾರ ಸಂಜೆ

ಪ್ರೀತಿಯ ಕೂಸೇ,

ನಿನ್ನೆ ನೀನು ಫೋನ್ ಇಟ್ಟ ರೀತಿಗೆ ಸಿಟ್ಟು ಬಂದಿತ್ತು. ರಾತ್ರಿ ಕಳೆದ ಮೇಲೆ ಇಳಿದಿದೆ. ದನಿ ಏರಿಸಿದ್ದಕ್ಕೆ ಬೇಸರವಿದೆ, ಹೇಳಿದ ಮಾತಿಗಲ್ಲ. ಫೋನಿನಲ್ಲಿ ನೀನು ಪೂರ್ತಿ ಕೇಳುವುದಿಲ್ಲ, ಅದಕ್ಕೇ ಈ ಪತ್ರ.

ನಿನ್ನ ಪ್ರವಾಸದ ಪಟ್ಟಿಯನ್ನು ಅಪ್ಪನೂ ನಾನೂ ಕೂತು ಓದಿದೆವು. ಮಂಗಳೂರಿನಿಂದ ಕಾರವಾರಕ್ಕೆ ಸುಮಾರು 270 ಕಿಲೋಮೀಟರ್. ಕಾಪು, ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದ್ದೀಯ. ಆಷಾಢದ ಮಳೆಯಲ್ಲಿ ಅದು ಆಗುವ ಮಾತಲ್ಲ. ಸೇಂಟ್ ಮೇರೀಸ್ ದ್ವೀಪವನ್ನು ಈಗಲೇ ಹೊಡೆದುಹಾಕು, ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. ಮುರುಡೇಶ್ವರದಲ್ಲಿ ಲಿಫ್ಟಿನಲ್ಲಿ ಗೋಪುರ ಹತ್ತಿ 123 ಅಡಿಯ ಶಿವನನ್ನು ಮೇಲಿನಿಂದ ನೋಡಿ, ನೀರಿಗೆ ಮಾತ್ರ ಇಳಿಯಬೇಡಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ನಿನ್ನ ಗೆಳತಿಯರಿಗೆ ಅದನ್ನು ತೋರಿಸಲೇಬೇಕು. ಆದರೆ ಕಾರನ್ನು ಅರ್ಧ ಡಾಂಬರಿನ ಮೇಲೆ ಬಿಟ್ಟು ಫೋಟೊ ತೆಗೆಯಲು ಓಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪಟ್ಟಿಯ ಕೊನೆಯಲ್ಲಿ 'ಅಂಕೋಲಾಕ್ಕೆ ಮೊದಲು, ನದಿ ಕಾಣುವ ಕಡೆ ಚಹಾ' ಎಂದು ಬರೆದಿದ್ದೀಯ. ಆ ಜಾಗವೆಂದರೆ ಶಿರೂರು. ನಾನು ಸಿಡುಕಿದ್ದು ಅದಕ್ಕೆ.

ಅಂಕೋಲಾದ ಶಾಲೆಗೆ ಹೋಗಿ ಬರುತ್ತಿದ್ದ ಕಾಲದಲ್ಲಿ ಶಿರೂರನ್ನು ದಿನವೂ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಗಂಗಾವಳಿ, ರಸ್ತೆಯಂಚಿನಲ್ಲಿ ಚಹಾದಂಗಡಿ, ಅದರ ಮುಂದೆ ಹೊರರಾಜ್ಯದ ಲಾರಿಗಳು. ಬಸ್ ಕೆಟ್ಟು ನಾವಿಬ್ಬರೂ ಅಲ್ಲಿ ಇಳಿದ ಸಂಜೆ ನಿನಗೂ ನೆನಪಿದೆ, ಅದಿರಲಿ. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ಕುಸಿಯಿತು. ಅಂಗಡಿ ಹೋಯಿತು, ನಡೆಸುತ್ತಿದ್ದ ಸಂಸಾರ ಹೋಯಿತು, ಗ್ಯಾಸ್ ಟ್ಯಾಂಕರ್ ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಕೇರಳದ ಒಬ್ಬ ಲಾರಿ ಚಾಲಕ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಡ್ರೆಜ್ಜರ್ ತರಿಸಿ ನದಿಯ ತಳ ಕೆದಕಿದ ಮೇಲೆ, ತನ್ನ ಲಾರಿಯ ಕ್ಯಾಬಿನ್ನಿನೊಳಗೇ.

ಆ ಹುಡುಗ ವೇಗವಾಗಿ ಓಡಿಸಿ ಹೋದವನಲ್ಲ, ಕೂಸೇ. ದಾರಿಯಲ್ಲಿ ನಿಲ್ಲಿಸಿದವನು. ನನ್ನ ತಲೆಯಲ್ಲಿ ಕೂತಿರುವುದು ಅದೇ. ನೀನು ಕಾರು ಕಲಿತಾಗ ನಾನು ಹೇಳಿದ್ದೇನು? ದಣಿವಾದರೆ ನಿಲ್ಲಿಸು, ಲಾರಿಗಳು ನಿಂತಿರುವ ಕಡೆ ನಿಲ್ಲಿಸು, ಜನರಿರುತ್ತಾರೆ, ಚಹಾ ಚೆನ್ನಾಗಿರುತ್ತದೆ. ಆ ಬೆಳಿಗ್ಗೆ ಅಲ್ಲಿದ್ದವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದಂತಿತ್ತು. ಈಗಲೂ ಬಸ್ ಅಲ್ಲಿಗೆ ಬಂದರೆ ನಾನು ನದಿಯ ಕಡೆ ನೋಡುವುದಿಲ್ಲ, ಗುಡ್ಡದ ಕಡೆ ನೋಡುತ್ತೇನೆ. ನೋಡಿ ಏನು ಮಾಡುತ್ತೇನೋ, ಗೊತ್ತಿಲ್ಲ.

'ಅದು ಮುಗಿದ ಕಥೆ, ಆಯಿ' ಎಂದೆ. ಶಿರೂರೊಂದೇ ಆಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಚತುಷ್ಪಥಕ್ಕಾಗಿ ಬುಡ ಕಡಿದು ಗೋಡೆಯ ಹಾಗೆ ನೆಟ್ಟಗೆ ಬಿಟ್ಟ ಗುಡ್ಡಗಳು ಆ ದಾರಿಯಲ್ಲಿ ಇನ್ನೂ ಇವೆ. ನಿಲ್ಲಿಸುವ ಮೊದಲು ತಲೆ ಎತ್ತಿ ನೋಡು. ಕಡಿದ ಮಣ್ಣಿನಿಂದ ಕೆಂಪು ನೀರು ಸೋರುತ್ತಿದೆಯೇ? ಮೇಲಿನ ಮರ ರಸ್ತೆಯ ಕಡೆ ವಾಲಿದೆಯೇ? ಚರಂಡಿಯಲ್ಲಿ ಹಸಿ ಮಣ್ಣು, ಕಲ್ಲು ಬಿದ್ದಿದೆಯೇ? ಹಾಗಿದ್ದರೆ ಎಂಥ ನೋಟವಿದ್ದರೂ, ಎಂಥ ಅವಸರವಾದರೂ ಮುಂದೆ ಹೋಗು. ಆಯಿಯ ಪಾಠ ಶುರುವಾಯಿತು ಎನ್ನುತ್ತೀಯ. ಎನ್ನು. ರಾತ್ರಿಯೂ ಓಡಿಸಬೇಡ. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಬಿದ್ದದ್ದು ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ, ಲಾರಿಯೊಂದು ಮೇಲಿರುವಾಗಲೇ.

ಹೋಗಬೇಡ ಎಂದು ನಾನು ಎಲ್ಲಿಯೂ ಹೇಳಿಲ್ಲ, ಗಮನಿಸು. ನಮ್ಮ ಮನೆಯಲ್ಲಿ ಸ್ಟೇರಿಂಗ್ ಹಿಡಿದ ಮೊದಲ ಹೆಣ್ಣು ನೀನು. 'ಮಗಳು ತಾನೇ ಓಡಿಸಿಕೊಂಡು ಬರುತ್ತಾಳೆ' ಎಂದು ಹಾಲಿನವನಿಗೂ ಹೇಳಿಯಾಗಿದೆ. ಅಪ್ಪನಿಗೆ ಅದು ಮುಜುಗರ.

ಮಂಗಳೂರನ್ನು ಬೆಳಿಗ್ಗೆ ಬೇಗ ಬಿಟ್ಟು ಕತ್ತಲಾಗುವ ಮೊದಲು ಮನೆ ಸೇರಿ. ಗೋಕರ್ಣವನ್ನು ಇನ್ನೊಮ್ಮೆಗೆ ಇಡು. ಮರುದಿನ ಮಿರ್ಜಾನ್ ಕೋಟೆಗೆ ಹೋಗಿ. ಈಗ ಅಲ್ಲಿ ಚಿರೆಕಲ್ಲಿನ ಗೋಡೆಗಳ ಮೇಲೆಲ್ಲ ಪಾಚಿ, ಹುಲ್ಲು ಹತ್ತಿ ಕೋಟೆಯೇ ಹಸಿರಾಗಿರುತ್ತದೆ. ಜಾರುತ್ತದೆ, ಚಪ್ಪಲಿ ನೋಡಿ ಹಾಕಿಕೊಳ್ಳಿ. ಹೆದ್ದಾರಿಯಿಂದ ಒಳಗಿದೆ, ತಲೆಯ ಮೇಲೆ ಆಕಾಶ ಬಿಟ್ಟರೆ ಏನೂ ಇಲ್ಲ. ಎಷ್ಟು ಹೊತ್ತು ಬೇಕಾದರೂ ಕೂತಿರಿ, ಚಹಾ ನಾನೇ ಫ್ಲಾಸ್ಕಿಗೆ ಹಾಕಿಕೊಡುತ್ತೇನೆ. ಆಮೇಲೆ ಮಳೆ ನೋಡಿಕೊಂಡು ಕಾರವಾರ. ಶಿರೂರನ್ನು ಎಲ್ಲಿಯೂ ನಿಲ್ಲಿಸದೆ ದಾಟಿ, ಅಂಕೋಲಾ ಪೇಟೆ ಮುಟ್ಟಿದ ಮೇಲೆ ಫೋನ್ ಮಾಡು. ಓಡಿಸುತ್ತಾ ಮಾಡಬೇಡ.

ಅಪ್ಪ ಹಲಸಿನ ಹಣ್ಣು ತಂದಿಟ್ಟಿದ್ದಾರೆ, ಕಡುಬು ಮಾಡುತ್ತೇನೆ. ಒಟ್ಟು ಎಷ್ಟು ಜನ ಎಂದು ಗುರುವಾರದೊಳಗೆ ತಿಳಿಸು. ಸಿಟ್ಟು ಇಳಿದಿರದಿದ್ದರೆ ಅಪ್ಪನಿಗಾದರೂ ಹೇಳು.

ನಿನ್ನ,
ಆಯಿ