ಬಿಡಿ ಲೆಕ್ಕ ಕೇಳು, ಪುಟ್ಟಿ

ಪುತ್ತೂರು
9 ನವೆಂಬರ್ 2025

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳಿದರೆ "ಆಯ್ತಮ್ಮ, ಆಯ್ತಮ್ಮ" ಅಂತೀಯ. ಇಷ್ಟೊಂದು ಅಂಕಿ ಕಿವಿಯಲ್ಲಿ ಕೇಳಿ ನೆನಪಿಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ. ಅದಕ್ಕೇ ಬರೆಯಲು ಕೂತೆ.

ನೀನು ವಾಟ್ಸಾಪಿನಲ್ಲಿ ಕಳಿಸಿದ ಕನ್ಸಲ್ಟೆನ್ಸಿಯವರ ಚೀಟಿ ನೋಡಿದೆ. ಒಂದೇ ಸಾಲು. "ಯುಕೆ ನರ್ಸ್ ವೀಸಾ ಪ್ಯಾಕೇಜ್ 6,80,000, ಅರ್ಧ ಮುಂಗಡ." ಇಪ್ಪತ್ತಾರು ವರ್ಷ ಸೊಸೈಟಿಯಲ್ಲಿ ಕ್ಲರ್ಕ್ ಆಗಿದ್ದವಳು ನಾನು. ಗೊಬ್ಬರದ ಮೂಟೆ ಇಳಿಸಿದ ಕೂಲಿಗೂ ಬೇರೆ ವೋಚರ್ ಬರೆಯುತ್ತಿದ್ದೆವು. ಏಳು ಲಕ್ಷದ ಹತ್ತಿರದ ಮೊತ್ತಕ್ಕೆ ಒಂದೇ ಸಾಲು ಅಂದರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಿನ್ನ ಅಪ್ಪ ಮಾತ್ರ "ಅಟ್ಟದಲ್ಲಿರುವ ಅಡಿಕೆ ಕೊಟ್ಟುಬಿಡುವ, ಮಗಳ ಕೆಲಸ ನಿಲ್ಲುವುದು ಬೇಡ" ಅಂತ ಬೆಳಿಗ್ಗೆಯೇ ಶುರು ಮಾಡಿದರು.

ಅವರು ಹಾಗೆ ಹೇಳುವುದಕ್ಕೆ ಒಂದು ಕಥೆ ಇದೆ. ನಿನಗೆ ಅರ್ಧ ಗೊತ್ತು. 1993ರಲ್ಲಿ ಅವರು ಸೌದಿಗೆ ಹೋಗುವಾಗ ಬೊಂಬಾಯಿಯ ಏಜೆಂಟನಿಗೆ 45,000 ರೂಪಾಯಿ ಕೊಟ್ಟೆವು. ನನ್ನ ನಾಲ್ಕು ಬಳೆ ಅಡ ಇಟ್ಟು, ಉಳಿದದ್ದು ಕೈಸಾಲ ಮಾಡಿ. "ಇದರಲ್ಲಿ ವೀಸಾಕ್ಕೆ ಎಷ್ಟು, ಟಿಕೆಟಿಗೆ ಎಷ್ಟು?" ಅಂತ ನಾನು ಕೇಳಿದ್ದಕ್ಕೆ ಆ ಮನುಷ್ಯ "ನಂಬಿಕೆ ಇಲ್ವಾ ಅಕ್ಕ?" ಅಂದ. ರಶೀದಿ ಕೇಳಿದರೆ ಸಿಗರೇಟು ಪ್ಯಾಕಿನ ಒಳಗಿನ ಬಿಳಿ ರಟ್ಟಿನ ಮೇಲೆ ಮೊತ್ತ ಬರೆದು ಕೊಟ್ಟ. ಸಹಿ ಇಲ್ಲ, ತಾರೀಕು ಇಲ್ಲ. ಅಲ್ಲಿ ಹದಿನಾಲ್ಕು ತಿಂಗಳು ದುಡಿದದ್ದು ಆ ಸಾಲಕ್ಕೇ ಸರಿಹೋಯಿತು. ಆ ದುಡ್ಡು ಯಾವುದಕ್ಕೆ ಹೋಯಿತು ಅಂತ ಇವತ್ತಿಗೂ ನಮಗೆ ಗೊತ್ತಿಲ್ಲ. ಆ ರಟ್ಟು ಈಗಲೂ ನನ್ನ ಟ್ರಂಕಿನಲ್ಲಿದೆ.

ಹಾಗಾಗಿ ಮೂರು ದಿನ ಕೂತು ಬ್ರಿಟನ್ ಸರಕಾರದ ಪುಟಗಳನ್ನೇ ಓದಿದೆ. ಪೌಂಡಿಗೆ 120 ರೂಪಾಯಿ ಹಿಡಿದು ಲೆಕ್ಕ ಹಾಕಿದ್ದೇನೆ. ಮಾರುಕಟ್ಟೆ ದರಕ್ಕಿಂತ ಸ್ವಲ್ಪ ಜಾಸ್ತಿಯೇ. ಫೀಸು ಕಟ್ಟುವಾಗ ಅವರು ಹಾಕುವ ದರ, ನಿನ್ನ ಬ್ಯಾಂಕಿನವರು ಕಾರ್ಡಿಗೆ ಹಾಕುವ ಮಾರ್ಕಪ್ ಎಲ್ಲ ಸೇರುತ್ತಲ್ವಾ.

ಮೊದಲು ವೀಸಾ ಫೀಸು. ನರ್ಸುಗಳಿಗೆ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ ಅಂತ ಬೇರೆಯೇ ಇದೆ. ಈ ವರ್ಷ ಏಪ್ರಿಲ್‌ನಲ್ಲಿ ಏರಿಸಿದ ಮೇಲೂ ಮೂರು ವರ್ಷದವರೆಗಿನ ವೀಸಾಕ್ಕೆ 304 ಪೌಂಡ್. ಅಂದರೆ 36,480 ರೂಪಾಯಿ. ಮೂರು ವರ್ಷ ದಾಟಿದರೆ 590 ಪೌಂಡ್. ನಿನ್ನ ಆಫರ್ ಮೂರು ವರ್ಷದ್ದು ಅಂದಿದ್ದೆ. ಅಲ್ಲಿಗೆ ಮೂವತ್ತಾರು ಸಾವಿರ ಚಿಲ್ಲರೆ. ನಾನು ಎರಡು ಸಲ ಓದಿದೆ, ಸೊನ್ನೆ ಬಿಟ್ಟೆನೋ ಅಂತ.

ಇಲ್ಲಿ ಒಂದು ಕಡೆ ಮಾತ್ರ ತುಂಬಾ ಹುಷಾರಾಗಿರಬೇಕು. ಅರ್ಜಿಯಲ್ಲಿ ಬರೀ ಸ್ಕಿಲ್ಡ್ ವರ್ಕರ್ ಅಂತ ಆರಿಸಿಬಿಟ್ಟರೆ ಫೀಸು 769 ಪೌಂಡ್ ಆಗುತ್ತದೆ. ಅದರ ಮೇಲೆ ಹೆಲ್ತ್ ಸರ್ಚಾರ್ಜ್ ಅಂತ ವರ್ಷಕ್ಕೆ 1,035 ಪೌಂಡ್, ಮೂರೂ ವರ್ಷದ್ದು ಒಟ್ಟಿಗೆ, ಮುಂಚಿತವಾಗಿ. ಎಲ್ಲ ಸೇರಿ 3,874 ಪೌಂಡ್. ರೂಪಾಯಿಯಲ್ಲಿ 4,64,880. ನಿನ್ನ ಹಾಗೆ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಹೋಗುವವರಿಗೆ ಆ ಸರ್ಚಾರ್ಜ್ ಇಲ್ಲವೇ ಇಲ್ಲ. ಒಂದು ಆಯ್ಕೆ ತಪ್ಪಿದರೆ ನಾಲ್ಕು ಲಕ್ಷದ ವ್ಯತ್ಯಾಸ! ಆ ಚೀಟಿಯ 6,80,000 ಹೇಗೆ ಹುಟ್ಟಿತು ಅಂತ ಯೋಚಿಸುವಾಗ ನನಗೆ ಇದೇ ನೆನಪಾಯಿತು. ನೀನು ಕಟ್ಟಬೇಕಿಲ್ಲದ ಸರ್ಚಾರ್ಜನ್ನೂ ನಿನ್ನ ತಲೆಗೆ ಕಟ್ಟಿದ್ದಾರೋ ಏನೋ. ಬಿಡಿ ಲೆಕ್ಕ ಕೇಳು, ಆಗ ಗೊತ್ತಾಗುತ್ತದೆ.

ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್‌ಗೆ (ಚಿಕ್ಕದಾಗಿ ಸಿಒಎಸ್) ಒಂದೂವರೆ ಲಕ್ಷ ಬೇರೆ ಅಂತ ಅವರ ಹುಡುಗಿ ಫೋನಿನಲ್ಲಿ ಹೇಳಿದಳು ಅಂದಿಯಲ್ಲ. ಅದು ಫ್ರೇಮು ಹಾಕಿಸುವ ಸರ್ಟಿಫಿಕೇಟ್ ಅಲ್ಲ ಮಾರಾಯ್ತಿ. ಆಸ್ಪತ್ರೆಯವರು ಅವರ ಸರಕಾರದ ಕಂಪ್ಯೂಟರಿನಲ್ಲಿ ತುಂಬುವ ದಾಖಲೆ. ನಿನಗೆ ಸಿಗುವುದು ಅದರ ನಂಬರು. ಅದಕ್ಕೆ 525 ಪೌಂಡ್ ಫೀಸು ಇದೆ, ನಿಜ. ಆದರೆ ಅದನ್ನು ಕಟ್ಟಬೇಕಾದವರು ಆಸ್ಪತ್ರೆಯವರು. 2024ರ ಕೊನೆಯಿಂದ ಆ ಖರ್ಚನ್ನು ಕೆಲಸಕ್ಕೆ ಬರುವವರ ಮೇಲೆ ಹಾಕಿದರೆ ಹೊರದೇಶದವರನ್ನು ಕರೆಸಿಕೊಳ್ಳುವ ಅವರ ಸ್ಪಾನ್ಸರ್ ಲೈಸೆನ್ಸೇ ಹೋಗಬಹುದು ಅಂತ ನಿಯಮ ಮಾಡಿದ್ದಾರೆ. ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಅಂತ ಇನ್ನೊಂದು ದೊಡ್ಡ ಮೊತ್ತ ಇದೆ. ಅದೂ ಅವರದ್ದೇ. ಇಂಗ್ಲೆಂಡಿನ ಆಸ್ಪತ್ರೆಗಳಿಗೆ ಜನ ಹುಡುಕಿ ಕೊಡುವವರು ನರ್ಸಿನಿಂದ ದುಡ್ಡು ತೆಗೆದುಕೊಳ್ಳಬಾರದು ಅಂತ ಅಲ್ಲಿನ ಸರಕಾರದ ನೀತಿ ಸಂಹಿತೆಯೇ ಹೇಳುತ್ತದೆ. ನಮ್ಮ ದೇಶದಲ್ಲೂ ನೋಂದಾಯಿತ ಏಜೆಂಟರು ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಪಡೆಯುವ ಹಾಗಿಲ್ಲ. ನೋಂದಣಿ ಇದೆಯೋ ಇಲ್ಲವೋ ಅಂತ ನಮ್ಮ ಸರಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ನಿನ್ನನ್ನು ವಿಡಿಯೋದಲ್ಲಿ ಸಂದರ್ಶನ ಮಾಡಿದ್ದು ಆಸ್ಪತ್ರೆಯವರೇ ಅಲ್ವಾ? ಹಾಗಾದರೆ ಇವರು ನಡುವೆ ಎಲ್ಲಿಂದ ಬಂದರು?

ಇನ್ನು 1,270 ಪೌಂಡಿನ ವಿಷಯ. ಇದು ಖರ್ಚಲ್ಲ, ತೋರಿಸುವ ದುಡ್ಡು. 1,52,400 ರೂಪಾಯಿ ನಿನ್ನ ಖಾತೆಯಲ್ಲಿ ಸತತ 28 ದಿನ ಇರಬೇಕು. ನಡುವೆ ಒಂದು ದಿನ ಕಡಿಮೆಯಾದರೂ ಮತ್ತೆ ಒಂದರಿಂದ ಎಣಿಸಬೇಕು. ಆ 28ನೇ ದಿನ ಮುಗಿದು 31 ದಿನದೊಳಗೆ ಅರ್ಜಿ ಹಾಕಬೇಕು. ಆ ಖಾತೆಗೆ ಇಎಂಐ, ಗೂಗಲ್ ಪೇ ಯಾವುದನ್ನೂ ಜೋಡಿಸಬೇಡ. ನಿನ್ನ ಹಾಸ್ಟೆಲ್ ಬಾಡಿಗೆ ಹೋಗುವ ಖಾತೆಯಂತೂ ಬೇಡವೇ ಬೇಡ. ಆಸ್ಪತ್ರೆಯವರು ನಿನ್ನ ಮೊದಲ ತಿಂಗಳಿನ ಖರ್ಚಿಗೆ ತಾವು ಹೊಣೆ ಅಂತ ಸಿಒಎಸ್‌ನಲ್ಲಿ ಗುರುತು ಹಾಕಿದರೆ ಇದನ್ನು ತೋರಿಸುವ ಅಗತ್ಯವೇ ಇಲ್ಲ. ಆದರೂ ನಾನು ಈ ದುಡ್ಡನ್ನು ತೆಗೆದಿಟ್ಟಿದ್ದೇನೆ. ವೀಸಾ ಬಂದ ಮೇಲೆ ಅದೇ ನಿನಗೆ ಅಲ್ಲಿ ಮೊದಲ ಸಂಬಳ ಬರುವ ತನಕ ಅಕ್ಕಿ, ಬಸ್ಸು, ಬಾಡಿಗೆಗೆ ಆಗುತ್ತದೆ. ಎರಡು ಸಲ ಲೆಕ್ಕಕ್ಕೆ ಹಿಡಿಯಬೇಡ. ನಾನೂ ಮೊದಲ ದಿನ ಹಾಗೆ ಹಿಡಿದು ಸುಮ್ನೆ ಗಾಬರಿಯಾಗಿದ್ದೆ.

ವೀಸಾಕ್ಕೆ ಬೇಕಾದ ಟಿಬಿ ಟೆಸ್ಟನ್ನು ಈಗಲೇ ಮಾಡಿಸಲು ಓಡಬೇಡ. ಬ್ರಿಟನ್ ಸರಕಾರ ಒಪ್ಪಿದ ಕ್ಲಿನಿಕ್ಕಿನಲ್ಲೇ ಆಗಬೇಕು, ಸರ್ಟಿಫಿಕೇಟು ನಡೆಯುವುದು ಆರು ತಿಂಗಳು ಮಾತ್ರ. ಸಿಒಎಸ್ ನಂಬರು ಕೊಟ್ಟ ಮೇಲೆ ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಇದೆಲ್ಲ ಒಂದಕ್ಕೊಂದು ಹೊಂದಿ ಬರಬೇಕಲ್ಲ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಆಫೀಸಿನಲ್ಲಿ 500 ರೂಪಾಯಿ. ಅದಕ್ಕೂ ಏಜೆಂಟ್ ಬೇಕಾ?

ಬೇಗ ಆಗಲಿ ಅಂತ ಪ್ರಯಾರಿಟಿ ತೆಗೆದುಕೊಂಡರೆ 500 ಪೌಂಡ್, ಅರವತ್ತು ಸಾವಿರ. ಸಾಮಾನ್ಯ ಅರ್ಜಿಗೆ ಮೂರು ವಾರ. ಆ ಮೂರು ವಾರ ಊರಿಗೆ ಬಂದು ಕೂರು, ಅರವತ್ತು ಸಾವಿರ ಉಳಿಯುತ್ತದೆ. ಅರ್ಜಿ ಕೇಂದ್ರದಲ್ಲಿ ಎಸ್ಸೆಮ್ಮೆಸ್ಸು, ಲಾಂಜು, ಕೊರಿಯರು ಅಂತ ಕೇಳುತ್ತಾರೆ. ಬೇಡ ಅಂತ ನಗುತ್ತಲೇ ಹೇಳು.

ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲಿನ ಲೆಕ್ಕ ಬೇರೆ. ನಿನ್ನ ಓದಿನ ಪರಿಶೀಲನೆಗೆ 140, ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಪರೀಕ್ಷೆಗೆ 83 ಪೌಂಡ್ ಆಗಲೇ ಕಟ್ಟಿದ್ದೀಯ. ಉಳಿದದ್ದು ಓಎಸ್‌ಸಿಇ ಪರೀಕ್ಷೆಯ 794, ಆಮೇಲೆ ನೋಂದಣಿಯ 153. ಓಎಸ್‌ಸಿಇ ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ, ಅಲ್ಲಿಗೆ ಹೋದ ಮೇಲೆ ಕೊಡುವುದು. ಎಷ್ಟೋ ಆಸ್ಪತ್ರೆಗಳು ಅದರ ಖರ್ಚು ತಾವೇ ಕೊಡುತ್ತವೆ. ನಿನ್ನವರು ಕೊಡುತ್ತಾರಾ? ಫೇಲಾದರೆ ಎರಡನೇ ಸಲದ್ದು ಯಾರದ್ದು? ಈ ಎರಡು ಪ್ರಶ್ನೆ ಇಮೇಲಿನಲ್ಲಿ ಕೇಳು. ಬಾಯಿಮಾತಿನಲ್ಲಿ ಬೇಡ.

ನಾನು ಹಾಕಿದ ಮೊತ್ತ ಇಷ್ಟು. ವೀಸಾ 36,480. ಟೆಸ್ಟು, ಕಾಗದಪತ್ರ, ಓಡಾಟಕ್ಕೆ 10,000. ಟಿಕೆಟಿಗೆ 60,000. ಆ 1,52,400. ನೋಂದಣಿಗೆ 18,360. ಒಟ್ಟು 2,77,240. ಓಎಸ್‌ಸಿಇ ನಿನ್ನ ತಲೆಗೇ ಬಂದರೆ ಇನ್ನೂ 95,280. ಆಗಲೂ ಮೂರು ಮುಕ್ಕಾಲು ಲಕ್ಷ ದಾಟುವುದಿಲ್ಲ. ಟಿಕೆಟನ್ನು ಆಸ್ಪತ್ರೆಯವರೇ ಕೊಟ್ಟರೆ ಇನ್ನೂ ಇಳಿಯಿತು. ಫೀಸು ಕಟ್ಟುವ ದಿನ ಮಾತ್ರ ಆ ಸರಕಾರಿ ಪುಟ ಮತ್ತೊಮ್ಮೆ ನೋಡು, ದರ ಏರಿಸುತ್ತಲೇ ಇರುತ್ತಾರೆ. ವೀಸಾ ಕೊಡದಿದ್ದರೆ ಆ ಫೀಸು ವಾಪಸ್ ಬರುವುದಿಲ್ಲ. ಅದಕ್ಕೇ ಅರ್ಜಿ ಒತ್ತುವ ಮುಂಚೆ ಹೆಸರು, ಪಾಸ್‌ಪೋರ್ಟ್ ನಂಬರು ಎಲ್ಲ ಇನ್ನೊಬ್ಬರ ಹತ್ತಿರ ಓದಿಸು.

ಇನ್ನೊಂದು. ಕಾಂಟ್ರಾಕ್ಟಿನಲ್ಲಿ "ಬೇಗ ಬಿಟ್ಟರೆ ಖರ್ಚು ವಾಪಸ್ ಕೊಡಬೇಕು" ಅಂತ ಒಂದು ಕಲಮು ಇರುತ್ತದೆ. ಇದ್ದರೆ ತಪ್ಪಲ್ಲ. ಎಷ್ಟು ಪೌಂಡ್, ಎಷ್ಟು ವರ್ಷ, ತಿಂಗಳು ಹೋದ ಹಾಗೆ ಕಡಿಮೆಯಾಗುತ್ತದೋ ಇಲ್ಲವೋ ನೋಡು. ಆ ಪುಟದ ಫೋಟೋ ನನಗೂ ಕಳಿಸು.

ಅಪ್ಪನಿಗೆ ಈ ಲೆಕ್ಕ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಟ್ರಂಕಿನಿಂದ ಆ ರಟ್ಟು ತೆಗೆಸಿ, ಕನ್ನಡಕ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ "ಅಡಿಕೆ ಇರಲಿ ಹಾಗಾದರೆ, ರೇಟು ಬರಲಿ" ಅಂತ ಅಂಗಳಕ್ಕೆ ಇಳಿದರು.

ಕನ್ಸಲ್ಟೆನ್ಸಿಯವರಿಗೆ ಇವತ್ತೇ ಒಂದು ಮೆಸೇಜ್ ಹಾಕು. ಬಿಡಿ ಲೆಕ್ಕ, ಪ್ರತಿಯೊಂದಕ್ಕೂ ರಶೀದಿ, ಅವರ ನೋಂದಣಿ ನಂಬರು ಬೇಕು ಅಂತ. ಏನು ಉತ್ತರ ಬಂತು ಅಂತ ಶನಿವಾರ ಫೋನಿನಲ್ಲಿ ಹೇಳು. ಅಲ್ಲಿಯ ತನಕ ಒಂದು ರೂಪಾಯಿ ಹಾಕಬೇಡ.

ಮೀನು ಸಾರಿನ ಪುಡಿ ಹುರಿದಿಟ್ಟಿದ್ದೇನೆ. ಬರುವಾಗ ಖಾಲಿ ಡಬ್ಬಿಗಳನ್ನು ತಾ.

ನಿನ್ನ ಅಮ್ಮ