ಬಟ್ಟೆ ಜಾರಲಿ ಎಂದು ಕೊಂಡ ಟೇಬಲ್ಲೇ ಬಟ್ಟೆಯನ್ನು ಹಿಡಿದು ನಿಲ್ಲಿಸುತ್ತಿದೆ

ಗೆ,
ಮುಖ್ಯಸ್ಥರು,
ಗ್ರಾಹಕ ಸೇವಾ ವಿಭಾಗ

ವಿಷಯ: ನಿಮ್ಮ ಕ್ವಿಲ್ಟಿಂಗ್ ಕಿಟ್‌ನ ಟೇಬಲ್ ಮಷಿನ್‌ನ ಮಟ್ಟಕ್ಕೆ ಬಾರದಿರುವುದು, ಜಾರು ಹಾಳೆ ಅಂಟದಿರುವುದು ಮತ್ತು ಜೊತೆಗೆ ಕೊಟ್ಟ ತಪ್ಪು ಸೂಚನೆಗಳ ಬಗ್ಗೆ ದೂರು

ಮಾನ್ಯರೇ,

ನಾನು ಎಂಟು ವರ್ಷದಿಂದ ಮನೆಯಲ್ಲೇ ಕೌದಿ ಹೊಲಿಯುತ್ತಿದ್ದೇನೆ. ಮೊದಲು ಕೈಹೊಲಿಗೆ ಮಾತ್ರ ಇತ್ತು. ನಾಲ್ಕು ವರ್ಷದಿಂದ ಸಾಧಾರಣ ಮನೆ ಬಳಕೆಯ ಮಷಿನ್‌ನಲ್ಲಿ ಫ್ರೀ ಮೋಷನ್ ಹೊಲಿಗೆ, ಅಂದರೆ ಬಟ್ಟೆಯನ್ನು ಕೈಯಿಂದಲೇ ಬೇಕಾದ ಕಡೆ ಸರಿಸುತ್ತಾ ಹಾಕುವ ಹೊಲಿಗೆ, ಹಾಕುತ್ತಿದ್ದೇನೆ. ಮೂರು ತಿಂಗಳ ಹಿಂದೆ ನಿಮ್ಮ ಕಿಟ್ ತರಿಸಿಕೊಂಡೆ. ಅದರಲ್ಲಿ ಮಷಿನ್‌ನ ಪಕ್ಕಕ್ಕೆ ಜೋಡಿಸುವ ಎಕ್ಸ್‌ಟೆನ್ಷನ್ ಟೇಬಲ್, ಸೂಜಿಯ ಸುತ್ತ ಹಾಸುವ ಜಾರು ಹಾಳೆ ಮತ್ತು ಬೆರಳ ತುದಿಗೆ ರಬ್ಬರ್ ಇರುವ ಒಂದು ಜೊತೆ ಗ್ಲೌಸ್ ಇದ್ದವು. ಗ್ಲೌಸ್ ಚೆನ್ನಾಗಿವೆ, ಅದರ ಬಗ್ಗೆ ದೂರಿಲ್ಲ. ಉಳಿದ ಎರಡೂ ನಾನು ಯಾವುದಕ್ಕಾಗಿ ಕೊಂಡೆನೋ ಅದೇ ಕೆಲಸವನ್ನು ಕೆಡಿಸಿವೆ. ಫೋನ್ ಮಾಡಿ ಎರಡು ಸಲ ಹೇಳಿದೆ, ಪ್ರಯೋಜನ ಆಗಲಿಲ್ಲ. ಅದಕ್ಕೇ ಈಗ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಫ್ರೀ ಮೋಷನ್‌ನಲ್ಲಿ ಬಟ್ಟೆ ಜಾರುವುದು ಎಷ್ಟು ಮುಖ್ಯ ಅನ್ನುವುದು ಕೌದಿ ಹೊಲಿಯುವವರಿಗೆಲ್ಲ ಗೊತ್ತು. ನಿಮ್ಮ ಕಡೆ ನನ್ನ ಜೊತೆ ಮಾತಾಡಿದವರಿಗೆ ಅದು ಗೊತ್ತಿದ್ದ ಹಾಗೆ ಕಾಣಲಿಲ್ಲ. ಮಾಮೂಲಿ ಹೊಲಿಗೆಯಲ್ಲಿ ಕೆಳಗಿನ ಹಲ್ಲುಗಳು ಬಟ್ಟೆಯನ್ನು ಹಿಡಿದು ಹಿಂದಕ್ಕೆ ಸರಿಸುತ್ತವೆ. ಹೊಲಿಗೆ ಎಷ್ಟು ಉದ್ದ ಅನ್ನುವುದನ್ನು ಮಷಿನ್ ನೋಡಿಕೊಳ್ಳುತ್ತದೆ. ಫ್ರೀ ಮೋಷನ್‌ನಲ್ಲಿ ಆ ಹಲ್ಲುಗಳನ್ನು ಇಳಿಸಿರುತ್ತೇವೆ. ಮೇಲಿನ ಬಟ್ಟೆ, ನಡುವಿನ ಹತ್ತಿ, ಕೆಳಗಿನ ಅಸ್ತರು, ಈ ಮೂರೂ ಪದರಗಳನ್ನು ನಮ್ಮ ಎರಡು ಕೈಯೇ ಸರಿಸಬೇಕು. ಮಷಿನ್ ನಿಮಿಷಕ್ಕೆ 600 ಹೊಲಿಗೆ ಹಾಕುತ್ತಿದೆ ಅಂದುಕೊಳ್ಳಿ. ಇಂಚಿಗೆ 10 ಹೊಲಿಗೆ ಬೇಕಾದರೆ ಬಟ್ಟೆ ಸೆಕೆಂಡಿಗೆ ಸರಿಯಾಗಿ 1 ಇಂಚು ಜಾರಬೇಕು. ಅರ್ಧ ಸೆಕೆಂಡ್ ಎಲ್ಲಾದರೂ ತಡೆದರೆ ಸಾಕು, 5 ಹೊಲಿಗೆ ಒಂದೇ ಕಡೆ ಗುಡ್ಡೆ ಬೀಳುತ್ತವೆ. ತಡೆ ಬಿಟ್ಟ ಕೂಡಲೇ ಬಟ್ಟೆ ಜರ್ ಅಂತ ಮುಂದೆ ಹೋಗುತ್ತದೆ, ಆಗ ಕಾಲು ಇಂಚಿನ ಉದ್ದದ ಹೊಲಿಗೆ ಬೀಳುತ್ತದೆ. ಅಂಥ ಹೊಲಿಗೆಗೆ ಕಾಲ್ಬೆರಳು ಸಿಕ್ಕಿಕೊಂಡರೆ ಕಿತ್ತೇ ಬರುತ್ತದೆ.

ಹಾಗಾಗಿ ಸೂಜಿಯ ಸುತ್ತಮುತ್ತಲಿನ ಜಾಗ ಒಂದೇ ಮಟ್ಟದಲ್ಲಿರಬೇಕು. ಎಕ್ಸ್‌ಟೆನ್ಷನ್ ಟೇಬಲ್ ಅಂತ ಒಂದು ವಸ್ತು ಇರುವುದೇ ಇದಕ್ಕೆ ಅಲ್ವಾ?

ನಿಮ್ಮ ಟೇಬಲ್ ನನ್ನ ಮಷಿನ್‌ಗಿಂತ ಕೆಳಗಿದೆ. ನಾಲ್ಕೂ ಕಾಲಿನ ತಿರುಪನ್ನು ಪೂರ್ತಿ ಬಿಚ್ಚಿದರೂ ಮೇಲೆ ಬರುವುದಿಲ್ಲ. ಕಣ್ಣಂದಾಜಿನಲ್ಲಿ ಹೇಳುತ್ತಿಲ್ಲ. ಮಷಿನ್‌ನ ತೋಳಿನ ಮೇಲೆ, ಅಂದರೆ ಸೂಜಿಯ ಕೆಳಗೆ ಬಟ್ಟೆ ಇಡುವ ಭಾಗದ ಮೇಲೆ, ಒಂದು ಸ್ಟೀಲ್ ಸ್ಕೇಲ್ ಇಟ್ಟೆ, ಅದರ ತುದಿ ಟೇಬಲ್ ಮೇಲೆ ಚಾಚಿಕೊಳ್ಳುವ ಹಾಗೆ. ಸ್ಕೇಲ್‌ನ ಕೆಳಗೆ ಉಳಿದ ಸಂದಿಗೆ ಪ್ರಿಂಟರ್ ಕಾಗದವನ್ನು ಒಂದೊಂದೇ ಹಾಳೆಯಾಗಿ ತುರುಕುತ್ತಾ ಹೋದೆ. 20 ಹಾಳೆ ಹಿಡಿಯಿತು. ಆ ಕಾಗದ ಹಾಳೆಗೆ ಹೆಚ್ಚುಕಡಿಮೆ 0.1 ಮಿ.ಮೀ. ದಪ್ಪ ಇರುತ್ತದೆ. ಅಂದರೆ ಸುಮಾರು 2 ಮಿ.ಮೀ. ಇಳುಕಲು. ತೋಳಿಗೂ ಟೇಬಲ್‌ನ ಕತ್ತರಿಸಿದ ಅಂಚಿಗೂ ಮಧ್ಯೆ ಇನ್ನೊಂದು ಬಿರುಕು ಇದೆ, ಅದರಲ್ಲಿ ನನ್ನ ಕಿರುಬೆರಳಿನ ಉಗುರು ಆರಾಮಾಗಿ ಇಳಿಯುತ್ತದೆ. ಮೂರು ಪದರ ಜೋಡಿಸಲು ಹಾಕಿದ ಸೇಫ್ಟಿ ಪಿನ್ನುಗಳು ಕೌದಿಯ ಅಡಿಯಲ್ಲಿ ಆ ಬಿರುಕಿಗೆ ಬಂದಾಗಲೆಲ್ಲ ಟಕ್ ಅಂತ ಸಿಕ್ಕಿಕೊಳ್ಳುತ್ತವೆ. ಎರಡರ ಫೋಟೋವೂ ಜೊತೆಗಿದೆ.

2 ಮಿ.ಮೀ. ಏನು ಮಹಾ ಅನ್ನಿಸಬಹುದು. ಹಗುರ ಬಟ್ಟೆ ಹೊಲಿಯುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆದರೆ ಹತ್ತಿ ತುಂಬಿದ ದೊಡ್ಡ ಕೌದಿ ತನ್ನ ಭಾರಕ್ಕೆ ತಾನೇ ಆ ಇಳುಕಲಿಗೆ ಕುಸಿದು ಕೂರುತ್ತದೆ. ಬಲಗಡೆಗೆ ಎಳೆಯುವಾಗ ಪ್ರತಿಸಲವೂ ಮೆಟ್ಟಿಲು ಹತ್ತಿಸಿದ ಹಾಗೆ.

ನಿಮ್ಮವರು ಫೋನ್‌ನಲ್ಲಿ ಮೊದಲು ಹೇಳಿದ ಮಾತು, "ಮೇಡಂ, ನಿಮ್ಮ ಕೈ ಇನ್ನೂ ಪಳಗಿಲ್ಲ ಅನ್ಸುತ್ತೆ." ಇರಬಹುದೇನೋ ಎಂದು ನಾನೂ ಮೊದಲು ನನ್ನ ಕಡೆಯ ತಪ್ಪುಗಳನ್ನೇ ಹುಡುಕಿದೆ. ಹೊಸ 90/14 ಅಳತೆಯ ಸೂಜಿ ಹಾಕಿದೆ. ಸೂಜಿ ಪ್ಲೇಟ್ ಬಿಚ್ಚಿ ಹತ್ತಿಯ ನಾರೆಲ್ಲ ಬ್ರಶ್‌ನಿಂದ ತೆಗೆದೆ. ಹಲ್ಲು ಪೂರ್ತಿ ಇಳಿದಿದೆಯೇ ನೋಡಿದೆ. ಸೂಜಿಯ ಹತ್ತಿರ ಇರುವ ಮಷಿನ್‌ನ ಪಾದ ಬಟ್ಟೆಯನ್ನು ಒತ್ತಿ ಹಿಡಿಯದ ಹಾಗೆ ಅದರ ಎತ್ತರ ಸರಿಮಾಡಿದೆ. ಕೌದಿ ಮೇಜಿನ ಅಂಚಿನಿಂದ ಜೋತುಬಿದ್ದರೆ ಅದರ ತೂಕವೇ ಸೂಜಿಯ ಹತ್ತಿರದ ಬಟ್ಟೆಯನ್ನು ಎಳೆಯುತ್ತದೆ. ಅದಕ್ಕೆ ಎಡಗಡೆ ಒಂದು ಮೇಜು, ಹಿಂದುಗಡೆ ಇನ್ನೊಂದು ಮೇಜು ಇಟ್ಟು, ಎಲ್ಲೂ ಜೋತುಬೀಳದ ಹಾಗೆ ಕೌದಿಯನ್ನು ಮಡಿಕೆ ಮಡಿಕೆಯಾಗಿ ಗುಡ್ಡೆ ಮಾಡಿಕೊಂಡೆ.

ಆಮೇಲೆ ಅದೇ ಬಟ್ಟೆ, ಅದೇ ಹತ್ತಿ, ಅದೇ ಅಸ್ತರಿನ ಒಂದು ಚಿಕ್ಕ ತುಂಡು ಮಾಡಿ ಪರೀಕ್ಷೆ ನೋಡಿದೆ. ಪೂರ್ತಿ ತೋಳಿನ ಮೇಲೇ ಇಟ್ಟು ಹೊಲಿದಾಗ ಇಂಚಿಗೆ 10, 11, 10 ಹೊಲಿಗೆ ಬಿದ್ದವು. ದೊಡ್ಡ ಕೌದಿಯನ್ನು ಟೇಬಲ್ ಮೇಲೆ ಹರಡಿ ಅದೇ ವೇಗದಲ್ಲಿ ಹೊಲಿದಾಗ ಒಂದು ಇಂಚಿಗೆ 17, ಅದರ ಪಕ್ಕದ ಇಂಚಿಗೆ 6. ಕೊನೆಗೆ ಟೇಬಲ್‌ನ ನಾಲ್ಕೂ ಕಾಲಿನ ಕೆಳಗೆ ರಟ್ಟಿನ ತುಂಡುಗಳನ್ನಿಟ್ಟು ಮಟ್ಟಕ್ಕೆ ತಂದೆ. ಅದೇ ಕೌದಿ, ಅದೇ ಕೈ. ಬಟ್ಟೆ ನೀರಿನ ಮೇಲೆ ಎಲೆ ಹೋದ ಹಾಗೆ ಹೋಯಿತು. ಹೊಲಿಗೆ ಇಂಚಿಗೆ 10ರ ಆಸುಪಾಸಿನಲ್ಲೇ ನಿಂತಿತು. ಆದರೆ ಮಷಿನ್ ಅದುರುವುದಕ್ಕೆ ಹತ್ತು ನಿಮಿಷದಲ್ಲಿ ರಟ್ಟು ಸರಿದುಹೋಗುತ್ತದೆ. ಅದು ಶಾಶ್ವತ ಪರಿಹಾರ ಅಲ್ಲ. ನನ್ನ ಕೈ ಪಳಗಿದೆಯೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಇದು ಸಾಕು ಅಂದುಕೊಳ್ಳುತ್ತೇನೆ.

ಇನ್ನು ಜಾರು ಹಾಳೆ. ನನಗೆ ಹೆಚ್ಚು ನೋವಾಗಿರುವುದು ಇದರಿಂದಲೇ.

ಈ ಹಾಳೆ ಟೆಫ್ಲಾನ್‌ನದು. ಟೆಫ್ಲಾನ್‌ಗೆ ಸುಲಭವಾಗಿ ಏನೂ ಅಂಟುವುದಿಲ್ಲ, ಅದರ ಗುಣವೇ ಅದು. ಹಾಳೆಯ ಮೇಲ್ಭಾಗ ನಿಜಕ್ಕೂ ನುಣುಪಾಗಿದೆ, ಅದನ್ನು ಒಪ್ಪುತ್ತೇನೆ. ಆದರೆ ಹಾಳೆ ತಾನೇ ಜಾರಬಾರದಲ್ಲ. ಅದಕ್ಕಾಗಿ ಅಡಿಯಲ್ಲಿ ಅಂಟಂಟಾದ ಒಂದು ಪದರ ಕೊಟ್ಟಿದ್ದೀರಿ. ಆ ಅಂಟು ನೆಲೆ ನಿಲ್ಲಬೇಕಾದರೆ ಹಾಳೆ ಎಲ್ಲ ಕಡೆ ಕೆಳಗಿನ ಮೇಲ್ಮೈಗೆ ತಾಗಿರಬೇಕು. ನಿಮ್ಮದೇ ಟೇಬಲ್‌ನ ಇಳುಕಲಿನ ಮೇಲೆ ಹಾಸಿದಾಗ ಹಾಳೆಯ ನಡುಭಾಗ ಗಾಳಿಯಲ್ಲಿ ನಿಲ್ಲುತ್ತದೆ, ಎಡಗಡೆಯ ಅಂಚು ಮೇಲಕ್ಕೆ ಏಳುತ್ತದೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಮಾರುವ ಮುಂಚೆ ಯಾರಾದರೂ ಒಟ್ಟಿಗೆ ಇಟ್ಟು ಒಂದು ದೊಡ್ಡ ಕೌದಿ ಹೊಲಿದು ನೋಡಿದ್ದೀರಾ ಎಂದು ಕೇಳುತ್ತಿದ್ದೇನೆ.

ಆವತ್ತು ನಾನು ಹೊಲಿಯುತ್ತಿದ್ದದ್ದು 60 ಇಂಚು ಅಗಲ, 80 ಇಂಚು ಉದ್ದದ ಕೌದಿ. ಅಕ್ಕನ ಮಗಳಿಗೆಂದು ಮಾಡುತ್ತಿದ್ದೆ. ಅವಳು ಚಿಕ್ಕವಳಿದ್ದಾಗ ಹಾಕುತ್ತಿದ್ದ ಫ್ರಾಕುಗಳ ಬಟ್ಟೆಯನ್ನು ಅಕ್ಕ ಇಷ್ಟು ವರ್ಷ ಎತ್ತಿಟ್ಟಿದ್ದಳು, ಅವೇ ತುಂಡುಗಳು ಅದರಲ್ಲಿವೆ. ಮೂಲೆಯಲ್ಲಿ ಎಲೆಬಳ್ಳಿಯ ವಿನ್ಯಾಸ ಹಾಕುತ್ತಿದ್ದೆ. ಮಧ್ಯದಲ್ಲಿ ಬಟ್ಟೆ ಯಾಕೋ ಭಾರ ಅನ್ನಿಸಿತು. ಎಡಗಡೆ ಎಲ್ಲೋ ಜೋತುಬಿದ್ದಿರಬೇಕು ಅಂದುಕೊಂಡು ಸ್ವಲ್ಪ ಎತ್ತಿಕೊಟ್ಟು ಮುಂದುವರಿಸಿದೆ. ಬಳ್ಳಿ ಮುಗಿಸಿ ದಾರ ಕತ್ತರಿಸಿ ಕೌದಿ ಎಳೆದರೆ ಅದರ ಜೊತೆ ನಿಮ್ಮ ಹಾಳೆಯೂ ಬಂತು. ಅಂಚು ಮಡಚಿಕೊಂಡು ಸೂಜಿಯ ಕೆಳಗೆ ಬಂದು, 9 ಇಂಚು ಉದ್ದಕ್ಕೂ ಅಸ್ತರಿಗೆ ಹೊಲಿದುಹೋಗಿತ್ತು. ಕೆಳಗೆ ನಡೆಯುವುದು ಮೇಲೆ ಕೂತವರಿಗೆ ಕಾಣುವುದಿಲ್ಲ.

ಆ 9 ಇಂಚು ಬಿಚ್ಚುವುದಕ್ಕೆ ನಾಲ್ಕು ಸಂಜೆ ಬೇಕಾಯಿತು. ಎಲೆಯ ತೊಟ್ಟಿನಲ್ಲಿ ಒಂದರ ಮೇಲೊಂದು ಹೊಲಿಗೆ ಬಿದ್ದಿರುತ್ತದೆ, ಅಲ್ಲಿ ಹೊಲಿಗೆ ಬಿಚ್ಚುವ ಕೊಕ್ಕೆಯ ತುದಿಯೂ ಒಳಗೆ ಹೋಗುವುದಿಲ್ಲ. ಸೂಜಿಯಿಂದ ಒಂದೊಂದೇ ಕುಣಿಕೆ ಎತ್ತಿ ಕತ್ತರಿಸಿದೆ. ಹಳದಿ ಹೂವಿನ ಒಂದು ಫ್ರಾಕಿನ ಬಟ್ಟೆ ತೊಳೆದು ತೊಳೆದು ತೆಳ್ಳಗಾಗಿತ್ತು. ಎಷ್ಟು ಜೋಪಾನ ಮಾಡಿದರೂ ಅದು ಅರ್ಧ ಇಂಚು ಹರಿಯಿತು. ಆ ಬಟ್ಟೆ ಇನ್ನೊಂದು ತುಂಡು ಇಲ್ಲ. ಎಲ್ಲಿಯೂ ಸಿಗುವುದಿಲ್ಲ. ಹಾಳೆಯ ತುಂಬ ಸೂಜಿಯ ತೂತು ಬಿದ್ದು ಅದೂ ಕೆಲಸಕ್ಕೆ ಬಾರದ ಹಾಗಾಯಿತು.

ಎರಡನೇ ಸಲ ಫೋನ್ ಮಾಡಿದಾಗ ಸಿಕ್ಕ ಸಲಹೆ, "ಟೇಬಲ್‌ಗೆ ಸಿಲಿಕೋನ್ ಸ್ಪ್ರೇ ಹೊಡೀರಿ." ಇದನ್ನು ದಯವಿಟ್ಟು ಇನ್ಯಾರಿಗೂ ಹೇಳಬೇಡಿ. ಆ ಸ್ಪ್ರೇ ಇರುವುದೇ ಏನೂ ಅಂಟದೆ ಜಾರುವ ಹಾಗೆ ಮಾಡುವುದಕ್ಕೆ. ಹೊಡೆದ ಮೇಲೆ ಅಲ್ಲಿ ಹಾಳೆ ನಿಲ್ಲುವುದಾದರೂ ಹೇಗೆ? ನಾನು ಬೇಡದ ಒಂದು ತುಂಡು ಬಟ್ಟೆಯಲ್ಲಿ ನೋಡಿದೆ. ಎಣ್ಣೆ ಬಿದ್ದ ಹಾಗೆ ಕಲೆ ಆಯಿತು. ತಿಂಗಳುಗಟ್ಟಲೆ ಕೂತು ಹೊಲಿದ ಕೌದಿಯ ಅಸ್ತರಿಗೆ ಯಾರಾದರೂ ಅದನ್ನು ತಾಗಿಸಿಕೊಂಡರೆ ಏನು ಗತಿ?

ನಿಮ್ಮ ಸೂಚನಾ ಚೀಟಿಯಲ್ಲೂ ಈ ಹಾಳೆಯ ಬಗ್ಗೆ ತಪ್ಪುಗಳಿವೆ. "ಹಿಂಭಾಗವನ್ನು ಒಣ ಬಟ್ಟೆಯಿಂದ ಒರೆಸಿ" ಎಂದು ಬರೆದಿದ್ದೀರಿ. ಅಂಟಿರುವ ಕಡೆ ಒಣ ಬಟ್ಟೆ ಆಡಿಸಿದರೆ ಆ ಬಟ್ಟೆಯ ನಾರೂ ಹೋಗಿ ಕೂರುತ್ತದೆ. ನಾಲ್ಕನೇ ಸಲಕ್ಕೆ ಹಾಳೆ ಅಂಟುವುದೇ ಬಿಟ್ಟಿತು. ಇಂಥ ಹಾಳೆಯನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ಹನಿ ಸೋಪು ಹಾಕಿ ಬೆರಳಿನಿಂದ ತೊಳೆದು, ಒರೆಸದೆ ಗಾಳಿಗೆ ಒಣಗಿಸಬೇಕು. ಹಾಗೆ ಮಾಡಿದ ಮೇಲೆ ನನ್ನ ಹಾಳೆಗೆ ಅರ್ಧದಷ್ಟು ಅಂಟು ವಾಪಸ್ ಬಂತು. ಮೊದಲೇ ಗೊತ್ತಿದ್ದರೆ ಪೂರ್ತಿ ಉಳಿಯುತ್ತಿತ್ತೇನೋ.

ಇನ್ನೊಂದು ಕಡೆ "ಎಲ್ಲ ಬಗೆಯ ಹೊಲಿಗೆಗೂ ಬಳಸಬಹುದು" ಎಂದಿದೆ. ಇದು ಅಪಾಯದ ಮಾತು. ಹಾಳೆಯಲ್ಲಿರುವುದು ಒಂದು ಚಿಕ್ಕ ತೂತು. ನೇರ ಹೊಲಿಗೆ ಬಿಟ್ಟು ಜಿಗ್‌ಜಾಗ್ ಹಾಕಿದರೆ ಸೂಜಿ ಪಕ್ಕಕ್ಕೆ ಹೋಗಿ ಹಾಳೆಗೇ ಚುಚ್ಚುತ್ತದೆ. ನೇರ ಗೆರೆಗಳಿಗೆ ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಸರಿಸುವ ಪಾದ) ಹಾಕಿದಾಗಲಂತೂ ಹಾಳೆ ಇರಲೇಬಾರದು. ಯಾಕೆಂದರೆ ವಾಕಿಂಗ್ ಫುಟ್ ಕೆಲಸ ಮಾಡುವುದೇ ಕೆಳಗಿನ ಹಲ್ಲುಗಳ ಜೊತೆ ಸೇರಿಕೊಂಡು. ಹಾಳೆ ಹಲ್ಲುಗಳನ್ನು ಮುಚ್ಚಿಬಿಟ್ಟರೆ ಬಟ್ಟೆ ನಿಂತಲ್ಲೇ ನಿಲ್ಲುತ್ತದೆ. ಹೊಸದಾಗಿ ಕಲಿಯುವವರು ನಿಮ್ಮ ಚೀಟಿ ಓದಿ ಮಷಿನ್ನೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಇಲ್ಲಾ ತಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ ಎಂದು ಕೌದಿ ಹೊಲಿಯುವುದನ್ನೇ ಬಿಟ್ಟುಬಿಡುತ್ತಾರೆ. ನಾನೂ ಮೊದಲ ವರ್ಷ ಹಾಗೇ ಬಿಡುವುದರಲ್ಲಿದ್ದೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಈಗ ನನ್ನ ಬೇಡಿಕೆ. ಟೇಬಲ್‌ಗೆ ನನ್ನ ಮಷಿನ್‌ನ ಮಟ್ಟಕ್ಕೆ ಬರುವಷ್ಟು ಉದ್ದದ ಕಾಲುಗಳನ್ನೂ, ತೋಳಿಗೆ ಬಿಗಿಯಾಗಿ ಕೂರುವ ಒಳತುಂಡನ್ನೂ ಕಳಿಸಿಕೊಡಿ. ಅದು ಆಗದಿದ್ದರೆ ಟೇಬಲ್ ವಾಪಸ್ ತೆಗೆದುಕೊಂಡು ಪೂರ್ತಿ ಹಣ ಹಿಂತಿರುಗಿಸಿ. ಹಾಳಾದ ಹಾಳೆಯ ಬದಲಿಗೆ ಹೊಸ ಹಾಳೆ ಬೇಕು. ಹರಿದ ಬಟ್ಟೆಗೆ ನೀವು ಏನೂ ಕೊಡಲಾರಿರಿ, ಅದಕ್ಕೆ ನಾನು ಏನೂ ಕೇಳುತ್ತಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಪೆಟ್ಟಿಗೆಯ ಮೇಲಿನ "ಎಲ್ಲ ಮಷಿನ್‌ಗಳಿಗೂ ಹೊಂದುತ್ತದೆ" ಅನ್ನುವ ಸಾಲು. ಅದನ್ನು ತೆಗೆಯಿರಿ. ಅದರ ಬದಲು ಕಾಲುಗಳು ಎಷ್ಟು ಮಿ.ಮೀ.ನಿಂದ ಎಷ್ಟು ಮಿ.ಮೀ.ವರೆಗೆ ಏರುತ್ತವೆ, ಒಳಗಿನ ಕತ್ತರಿಕೆಯ ಅಗಲ ಎಷ್ಟು ಎಂದು ಮುದ್ರಿಸಿ. ಕೊಳ್ಳುವವರು ಮನೆಯಲ್ಲೇ ಸ್ಕೇಲ್ ಹಿಡಿದು ತಮ್ಮ ಮಷಿನ್ ಅಳೆದುಕೊಳ್ಳುತ್ತಾರೆ. ಚೀಟಿಯಲ್ಲಿ ಹಾಳೆ ತೊಳೆಯುವ ಕ್ರಮವನ್ನು ಸರಿಯಾಗಿ ಬರೆಯಿರಿ. ಹೊಲಿಯಲು ಕೂರುವ ಮುಂಚೆ ಗಾಲಿಯನ್ನು ಕೈಯಲ್ಲೇ ತಿರುಗಿಸಿ ಸೂಜಿ ತೂತಿನ ನಡುವೆ ಇಳಿಯುತ್ತಿದೆಯೇ ನೋಡಿಕೊಳ್ಳಬೇಕು, ನಾಲ್ಕೂ ಅಂಚಿಗೆ ಸುಲಭವಾಗಿ ಕಿತ್ತುಬರುವ ಕಾಗದದ ಟೇಪ್ ಹಾಕಬೇಕು, ಆಗಾಗ ನಿಲ್ಲಿಸಿ ಕೌದಿಯ ಅಡಿಯಲ್ಲಿ ಕೈಯಾಡಿಸಿ ನೋಡಬೇಕು ಎಂದೂ ಸೇರಿಸಿ. ಈ ಮೂರು ಸಾಲು ನನ್ನ ಕಿಟ್‌ನಲ್ಲಿ ಇದ್ದಿದ್ದರೆ ಆ ಹಳದಿ ಹೂವಿನ ತುಂಡು ಹರಿಯುತ್ತಿರಲಿಲ್ಲ.

ಬಿಲ್ಲಿನ ಪ್ರತಿ, ಸ್ಕೇಲ್ ಇಟ್ಟು ತೆಗೆದ ಫೋಟೋಗಳು, ಹಾಳೆ ಹೊಲಿದುಹೋದ ಭಾಗದ ಫೋಟೋ ಎಲ್ಲವನ್ನೂ ಲಗತ್ತಿಸಿದ್ದೇನೆ. ಹೊಲಿಗೆ ಎಣಿಸಿದ ಪರೀಕ್ಷೆಯ ಬಟ್ಟೆ ತುಂಡೂ ನನ್ನ ಹತ್ತಿರ ಇದೆ, ಕೇಳಿದರೆ ಕಳಿಸುತ್ತೇನೆ. 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಫೋನ್ ಮಾಡುವುದಾದರೆ ಮಷಿನ್ ಮುಂದೆ ಕೂತು ಕೌದಿ ಹೊಲಿದು ಗೊತ್ತಿರುವ ಒಬ್ಬರಿಂದ ಮಾಡಿಸಿ. ಕೌದಿಯ ಇನ್ನೂ ಮೂರು ಮೂಲೆ ಬಾಕಿ ಇದೆ. ಟೇಬಲ್ ಸರಿಯಾಗುವವರೆಗೆ ಅದನ್ನು ಮಡಚಿಟ್ಟಿರುತ್ತೇನೆ.

ಇಂತಿ,
ನಿಮ್ಮ ಗ್ರಾಹಕಿ